‘ಯಾವಾಗ’ ಅಂತ ಕೇಳುವುದನ್ನು ಬಿಡೋಣ: ಊರು ನಡೆಸುವವರಿಗೆ ಒಂದು ಬಹಿರಂಗ ಪತ್ರ

ನಗರಸಭೆಗಳನ್ನು ನಡೆಸುವವರಿಗೆ, ಕಟ್ಟಡದ ಪ್ಲಾನ್‌ಗೆ ಸಹಿ ಹಾಕುವ ಅಧಿಕಾರಿಗಳಿಗೆ, ಶಾಲೆ ಆಸ್ಪತ್ರೆಗಳ ಹೊಣೆ ಹೊತ್ತವರಿಗೆ,

ಮಾನ್ಯರೇ,

ಎಲ್ಲೋ ಒಂದು ಕಡೆ ಭೂಮಿ ನಡುಗುತ್ತದೆ. ಮಾರನೇ ದಿನ ಒಬ್ಬ ವಿಜ್ಞಾನಿಯನ್ನು ಟಿವಿ ಮುಂದೆ ಕೂರಿಸಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಮುಂದಿನದು ಯಾವಾಗ?’ ಅವರು ಪ್ರಾಮಾಣಿಕರಾಗಿದ್ದರೆ ‘ಹೇಳೋಕಾಗಲ್ಲ’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆಡಳಿತದ ಸಭೆಗಳಲ್ಲೂ ಹೀಗೇ ಆಗುತ್ತದೆ. ‘ವಿಜ್ಞಾನಿಗಳಿಗೇ ಗೊತ್ತಿಲ್ಲ ಅಂದಮೇಲೆ ನಾವೇನು ಮಾಡೋಣ’ ಎಂದು ಫೈಲು ಮುಚ್ಚಿಬಿಡುತ್ತಾರೆ. ಆ ಫೈಲನ್ನು ಮತ್ತೆ ತೆರೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಸ್ಯಾನ್ ಆಂಡ್ರಿಯಾಸ್ ಎಂಬ ದೊಡ್ಡ ಬಿರುಕಿನ ಮೇಲೇ ಇರುವ ಊರು. ಅಲ್ಲಿ 1857, 1881, 1901, 1922, 1934, 1966ರಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಭೂಕಂಪಗಳಾದವು. ಸರಾಸರಿ ಅಂತರ 22 ವರ್ಷ. ಇದನ್ನು ನೋಡಿದ ವಿಜ್ಞಾನಿಗಳು 1993ರ ಒಳಗೆ ಇನ್ನೊಂದು ಬರುತ್ತದೆ ಎಂದು ಲೆಕ್ಕ ಹಾಕಿದರು. ನೆಲದ ತುಂಬ ಉಪಕರಣ ಹೂಡಿ ಕಾದು ಕೂತರು. ಭೂಕಂಪ ಬಂದಿದ್ದು 2004ರ ಸೆಪ್ಟೆಂಬರ್ 28ಕ್ಕೆ. ಹನ್ನೊಂದು ವರ್ಷ ತಡ. ಅಷ್ಟು ಉಪಕರಣಗಳ ನಡುವೆ ಬಂದರೂ ಮುಂಚಿತವಾಗಿ ಯಾವ ಸ್ಪಷ್ಟ ಸುಳಿವೂ ಸಿಗಲಿಲ್ಲ.

ಇದನ್ನು ವಿಜ್ಞಾನದ ಸೋಲು ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಗ ಸರಿಯಾಗಿತ್ತು. ಗಾತ್ರವೂ ಸರಿಯಾಗಿತ್ತು, ತೀವ್ರತೆ 6.0. ತಪ್ಪಿದ್ದು ದಿನಾಂಕ ಒಂದೇ. ಈಗ ನೀವೇ ಹೇಳಿ, ಒಂದು ಶಾಲೆಯನ್ನು ಗಟ್ಟಿಯಾಗಿ ಕಟ್ಟಲು ದಿನಾಂಕ ಯಾಕೆ ಬೇಕು? ಎಲ್ಲಿ, ಎಷ್ಟು ಜೋರಾಗಿ ಅಲುಗಬಹುದು ಅಂತ ಗೊತ್ತಾದರೆ ಸಾಕಲ್ವಾ?

ದಿನಾಂಕದ ಆಸೆ ಹಳೆಯದು. 1975ರ ಫೆಬ್ರುವರಿಯಲ್ಲಿ ಚೀನಾದ ಹೈಚೆಂಗ್‌ನಲ್ಲಿ ಮೊದಲು ಸಣ್ಣ ಸಣ್ಣ ಕಂಪನಗಳು ಸಾಲಾಗಿ ಬಂದವು. ಜನರನ್ನು ಮನೆಯಿಂದ ಹೊರಗೆ ಕಳಿಸಿದರು, ಆಮೇಲೆ ದೊಡ್ಡ ಭೂಕಂಪ ಬಂದಾಗ ಸಾವಿರಾರು ಜೀವ ಉಳಿದವು. ಇನ್ನು ಭೂಕಂಪವನ್ನು ಮೊದಲೇ ಹೇಳಬಹುದು ಎಂದು ಎಲ್ಲರಿಗೂ ಅನ್ನಿಸಿತು. ಮರುವರ್ಷ ಜುಲೈ 28ರ ನಸುಕಿನಲ್ಲಿ ಅದೇ ದೇಶದ ತಾಂಗ್‌ಶಾನ್ ನಗರ ಯಾವ ಎಚ್ಚರಿಕೆಯೂ ಇಲ್ಲದೆ ನೆಲಸಮವಾಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಇವತ್ತಿಗೂ ಭೂಕಂಪದ ದಿನ, ಗಂಟೆ ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ‘ಇಂಥ ದಿನ ರಾತ್ರಿ ಹೊರಗೆ ಮಲಗಿ’ ಅನ್ನುವ ಫಾರ್ವರ್ಡ್ ಮೆಸೇಜ್ ಬಂದರೆ ಅದು ಸುಳ್ಳು ಎಂದು ನೀವೇ ಮೊದಲು ಜನರಿಗೆ ತಿಳಿಸಬೇಕು.

ಹಾಗಾದರೆ ವಿಜ್ಞಾನಿಗಳಿಗೆ ಗೊತ್ತಿರುವುದೇನು? ತುಂಬ ಇದೆ. ಅದನ್ನು ಅವರು ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಒಮ್ಮೆ ನೋಡಿದರೆ ನಿಮಗೆ ಅವರ ಮಾತಿನ ಮೇಲೆ ನಂಬಿಕೆ ಬರುತ್ತದೆ.

ಬಿರುಕು ಹಾದುಹೋದ ಜಾಗವನ್ನು ಗುರುತಿಸಿ, ಅದಕ್ಕೆ ಅಡ್ಡಲಾಗಿ ಆಳೆತ್ತರದ ಒಂದು ಕಂದಕ ತೋಡುತ್ತಾರೆ. ಅದರ ಗೋಡೆಯನ್ನು ಕರಣೆಯಿಂದ ಕೆರೆದು ನಯಮಾಡುತ್ತಾರೆ. ಮೊಳೆ ಹೊಡೆದು, ದಾರ ಕಟ್ಟಿ, ಗೋಡೆಯನ್ನು ಚೌಕಚೌಕವಾಗಿ ಭಾಗ ಮಾಡುತ್ತಾರೆ. ಆಮೇಲೆ ದಿನಗಟ್ಟಲೆ ಅದರ ಮುಂದೆ ಕೂತು ಒಂದೊಂದು ಪದರವನ್ನೂ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಇಲ್ಲಿ ಹೊಳೆ ತಂದು ಹಾಕಿದ ಮರಳು. ಅದರ ಮೇಲೆ ಕೆಸರು. ಅದರ ಮೇಲೆ ಕಪ್ಪು ಮಣ್ಣು. ಒಂದು ಕಡೆ ಮರಳಿನ ಪದರ ತುಂಡಾಗಿ, ಅರ್ಧ ಕೆಳಕ್ಕೆ ಜಾರಿರುತ್ತದೆ. ಅದರ ಮೇಲಿನ ಕೆಸರಿನ ಪದರ ಮಾತ್ರ ಏನೂ ಆಗದ ಹಾಗೆ ನೆಟ್ಟಗೆ ಹಾದುಹೋಗಿರುತ್ತದೆ. ಅಂದರೆ ಮರಳು ಬಂದ ಮೇಲೆ, ಕೆಸರು ಬರುವ ಮೊದಲು, ಇಲ್ಲಿ ಭೂಮಿ ಹರಿದಿದೆ. ಎರಡೂ ಪದರಗಳಿಂದ ಒಂದು ಚೂರು ಇದ್ದಿಲು, ಒಂದು ಕೊಳೆತ ಬೇರು ಆರಿಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಇಂಗಾಲದ ಲೆಕ್ಕದಲ್ಲಿ ಅವುಗಳ ವಯಸ್ಸು ಸಿಗುತ್ತದೆ. ಭೂಕಂಪದ ಕಾಲ ಆ ಎರಡರ ನಡುವೆ. ಕೆರಿ ಸೀ ಎಂಬ ಭೂವಿಜ್ಞಾನಿ 1970ರ ದಶಕದಲ್ಲಿ ಲಾಸ್ ಏಂಜಲೀಸ್ ಹತ್ತಿರದ ಪ್ಯಾಲೆಟ್ ಕ್ರೀಕ್‌ನಲ್ಲಿ ಹೀಗೆ ಅಗೆದು, ಸಾವಿರ ವರ್ಷಕ್ಕೂ ಹಿಂದಿನ ಭೂಕಂಪಗಳ ಸಾಲನ್ನೇ ಓದಿದರು. ಬರೆದಿಟ್ಟ ಚರಿತ್ರೆ ಇಲ್ಲದ ಕಡೆ ಮಣ್ಣೇ ಕಡತ.

ಅಮೆರಿಕದ ವಾಯುವ್ಯ ಕರಾವಳಿಯ ಕಥೆಯನ್ನಂತೂ ಪ್ರತಿ ಯೋಜನಾಧಿಕಾರಿಯೂ ಓದಬೇಕು. ಅಲ್ಲಿ ದೊಡ್ಡ ಭೂಕಂಪ ಆಗಿದ್ದಕ್ಕೆ ಲಿಖಿತ ದಾಖಲೆ ಇರಲಿಲ್ಲ. ಮೂಲನಿವಾಸಿಗಳ ಕಥೆಗಳಲ್ಲಿ ಮಾತ್ರ ಭೂಮಿ ನಡುಗಿ ಸಮುದ್ರ ಉಕ್ಕಿದ ನೆನಪಿತ್ತು. ಬ್ರಯಾನ್ ಅಟ್‌ವಾಟರ್ ಮತ್ತು ಅವರ ಜೊತೆಗಾರರು ಕರಾವಳಿಯ ಜೌಗಿನಲ್ಲಿ ನಿಂತ ಒಣ ದೇವದಾರು ಮರಗಳನ್ನು ಪರೀಕ್ಷಿಸಿದರು. ನೆಲ ದಿಢೀರನೆ ಕುಸಿದು, ಉಪ್ಪುನೀರು ನುಗ್ಗಿ ಸತ್ತ ಮರಗಳವು. ಕೊನೆಯ ಬೆಳವಣಿಗೆಯ ಉಂಗುರ 1699ರದು. ಅತ್ತ ಜಪಾನಿನ ಹಳೆಯ ದಾಖಲೆಗಳಲ್ಲಿ 1700ರ ಜನವರಿಯಲ್ಲಿ ಭೂಕಂಪವೇ ಇಲ್ಲದೆ ಬಂದ ಒಂದು ಸುನಾಮಿಯ ವಿವರ ಇತ್ತು. ಎಲ್ಲಿಂದ ಬಂತೆಂದು ಯಾರಿಗೂ ತಿಳಿದಿರಲಿಲ್ಲ. ಎರಡನ್ನೂ ಜೋಡಿಸಿದಾಗ ಸಾಗರದ ಆಚೆ, ಅಮೆರಿಕದ ಈ ಕರಾವಳಿಯಲ್ಲಿ, 1700ರ ಜನವರಿ 26ರ ರಾತ್ರಿ ಸುಮಾರು 9 ತೀವ್ರತೆಯ ಭೂಕಂಪ ಆಗಿತ್ತು ಎಂದು ಗೊತ್ತಾಯಿತು. ಮುನ್ನೂರು ವರ್ಷ ಸುಮ್ಮನಿದ್ದ ನೆಲ ಸುರಕ್ಷಿತವಲ್ಲ ಎಂದು ತಿಳಿದ ಮೇಲೆ ಅಲ್ಲಿನ ಕಟ್ಟಡ ನಿಯಮಗಳೂ ಬಿಗಿಯಾದವು.

ಇದೇ ಥರದ ಎಚ್ಚರಿಕೆ ಜಪಾನಿನ ಸೆಂಡಾಯ್ ಬಯಲಿಗೂ ಸಿಕ್ಕಿತ್ತು. ಕ್ರಿ.ಶ. 869ರ ಸುನಾಮಿ ತಂದ ಮರಳು ಕರಾವಳಿಯಿಂದ ಕಿಲೋಮೀಟರುಗಟ್ಟಲೆ ಒಳಗೆ ಹೊಲದ ಮಣ್ಣಿನಡಿ ಇರುವುದನ್ನು ವಿಜ್ಞಾನಿಗಳು 2011ಕ್ಕೆ ಮೊದಲೇ ತೋರಿಸಿ ಪ್ರಕಟಿಸಿದ್ದರು. ಅದು ಸರ್ಕಾರದ ಯೋಜನೆಗಳೊಳಗೆ ಸೇರುವಷ್ಟರಲ್ಲಿ 2011ರ ಮಾರ್ಚ್ 11ರ ಭಾರೀ ಭೂಕಂಪ, ಸುನಾಮಿ ಬಂದೇಬಿಟ್ಟಿತು. ವರದಿ ಬರೆದವರ ಮೇಜಿನಿಂದ ನಿಮ್ಮ ಮೇಜಿಗೆ ಬರುವ ದಾರಿ ಎಷ್ಟು ಉದ್ದ ಇದೆ ಅಂತ ಯೋಚಿಸಿ. ಆ ದಾರಿಯಲ್ಲೇ ಜೀವ ಹೋಗುತ್ತಿದೆ.

ಜಿಪಿಎಸ್ ಕೂಡ ಇದೇ ಕೆಲಸಕ್ಕಿದೆ. ಬಂಡೆಗೆ ಭದ್ರವಾಗಿ ಕೂರಿಸಿದ ಯಂತ್ರ ವರ್ಷಕ್ಕೆ ಕೆಲವು ಮಿಲಿಮೀಟರ್ ಚಲನೆಯನ್ನೂ ಹಿಡಿಯುತ್ತದೆ. ಹಿಮಾಲಯದ ಉದ್ದಕ್ಕೂ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಜಾರಬೇಕಾದ ನೆಲ ಜಾರದೆ ಒತ್ತಡ ಸೇರುತ್ತಿದೆ ಎಂದು ಗೊತ್ತಾಗಿದ್ದು ಹೀಗೆ. ಒಂದು ಭಾಗ ಐನೂರು ವರ್ಷ ಸಿಕ್ಕಿಕೊಂಡೇ ಇದ್ದರೆ ಒಂದೇ ಸಲಕ್ಕೆ ಹತ್ತು ಮೀಟರ್ ಜಾರುವಷ್ಟು ಬಾಕಿ ಉಳಿದಿರುತ್ತದೆ.

ಆದರೆ ಭೂಕಂಪದ ಅಪಾಯ ತೋರಿಸುವ ನಕ್ಷೆಯಲ್ಲಿ ನಿಮ್ಮ ಊರಿಗೆ ತಿಳಿ ಬಣ್ಣ ಕಂಡ ಕೂಡಲೇ ನಿಶ್ಚಿಂತರಾಗಬೇಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ 6.2 ತೀವ್ರತೆಯ ಭೂಕಂಪ ಆಯಿತು. ಸುಮಾರು ಹತ್ತು ಸಾವಿರ ಜನ ನಿದ್ದೆಯಲ್ಲೇ ಹೋದರು. ಆಗಿನ ಭಾರತದ ನಕ್ಷೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ಅಪಾಯ ಅತ್ಯಂತ ಕಡಿಮೆ. 2002ರಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ನಕ್ಷೆ ಆವತ್ತಿನವರೆಗೆ ತಿಳಿದಿದ್ದನ್ನು ಹೇಳುತ್ತದೆ. ಹೊಸದು ತಿಳಿದಾಗ ಬದಲಾಗಬೇಕು, ಅದರ ಜೊತೆ ನಿಮ್ಮ ನಿಯಮವೂ ಬದಲಾಗಬೇಕು.

ನಕ್ಷೆಯ ಹಿಂದಿರುವ ಒಂದು ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಓದಿ ತಪ್ಪು ತಿಳಿಯುವವರೇ ಹೆಚ್ಚು. ‘ಇದು 475 ವರ್ಷಕ್ಕೊಮ್ಮೆ ಬರುವ ಅಲುಗಾಟ’ ಎಂದು ವರದಿಯಲ್ಲಿ ಬರೆದಿರುತ್ತದೆ. ಓ, ಅದು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಎಂದು ಪುಟ ತಿರುಗಿಸುತ್ತೇವೆ. ಅದರ ನಿಜವಾದ ಅರ್ಥ ಬೇರೆ. ಯಾವುದೇ 50 ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ಜೋರಾದ ಅಲುಗಾಟ ಬರುವ ಸಾಧ್ಯತೆ ನೂರಕ್ಕೆ ಹತ್ತು ಅಂತ. ಇವತ್ತು ಕಟ್ಟಿದ ಶಾಲೆ ಐವತ್ತು ವರ್ಷ ನಿಲ್ಲುತ್ತದೆ. ಆ ಐವತ್ತು ವರ್ಷದೊಳಗೆ ಅದನ್ನು ಎದುರಿಸುವ ಸಾಧ್ಯತೆ ಹತ್ತರಲ್ಲಿ ಒಂದು. ಇಷ್ಟು ಅಪಾಯ ಇರುವ ಬಸ್ಸಿಗೆ ಯಾರೂ ಮಕ್ಕಳನ್ನು ಹತ್ತಿಸುವುದಿಲ್ಲ.

ಇನ್ನು ನೆಲದ ವಿಷಯ. ಒಂದೇ ಭೂಕಂಪ ಒಂದೇ ನಗರದ ಎರಡು ಬೀದಿಗಳಲ್ಲಿ ಬೇರೆ ಬೇರೆ ಆಗಿರುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ 8.0 ತೀವ್ರತೆಯ ಭೂಕಂಪ ಆಯಿತು. ಹೆಚ್ಚು ಹಾನಿಯಾಗಿದ್ದು ಸುಮಾರು 350 ಕಿಲೋಮೀಟರ್ ದೂರದ ಮೆಕ್ಸಿಕೋ ಸಿಟಿಯಲ್ಲಿ. ಯಾಕೆ? ನಗರದ ಒಂದು ಭಾಗ ಬತ್ತಿಸಿದ ಹಳೆಯ ಸರೋವರದ ಮೇಲಿದೆ. ಅಡಿಯಲ್ಲಿ ಮೆತ್ತನೆಯ ಜೇಡಿಮಣ್ಣು. ಆ ಮಣ್ಣು ಎರಡು ಸೆಕೆಂಡಿಗೊಮ್ಮೆ ತೂಗುವ ಅಲೆಗಳನ್ನು ಹಲವು ಪಟ್ಟು ಹಿಗ್ಗಿಸಿತು. ಆರರಿಂದ ಹದಿನೈದು ಮಹಡಿಯ ಕಟ್ಟಡಗಳ ಸ್ವಂತ ತೂಗಾಟವೂ ಅದಕ್ಕೆ ಹತ್ತಿರ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಹೇಗೆ ಎತ್ತರಕ್ಕೆ ಹೋಗುತ್ತದೋ ಹಾಗೆ ಆ ಕಟ್ಟಡಗಳು ಪ್ರತಿ ಅಲೆಗೂ ಜಾಸ್ತಿ ತೂಗಿ ಕೊನೆಗೆ ಕುಸಿದವು. ಗಟ್ಟಿ ನೆಲದ ಮೇಲಿನ ಬಡಾವಣೆಗಳಿಗೆ ಅಷ್ಟೇನೂ ಆಗಲಿಲ್ಲ. 1956ರಲ್ಲಿ ಕಟ್ಟಿದ 44 ಮಹಡಿಯ ಲ್ಯಾಟಿನೋಅಮೆರಿಕಾನಾ ಗೋಪುರ ನಿಂತೇ ಇತ್ತು. ಅದನ್ನು ಕಟ್ಟಿದವರು ಅಡಿಯ ಮಣ್ಣನ್ನು ಮೊದಲೇ ಓದಿದ್ದರು.

ಇದನ್ನು ತಿಳಿಯಲು ಭೂಕಂಪವೇ ಬರಬೇಕಾಗಿಲ್ಲ. ನಮ್ಮ ಕಾಲಿಗೆ ಗೊತ್ತಾಗದಂಥ ಸಣ್ಣ ನಡುಕ ನೆಲದಲ್ಲಿ ಸದಾ ಇರುತ್ತದೆ. ಲಾರಿ, ಗಾಳಿ, ದೂರದ ಸಮುದ್ರದ ಅಲೆ, ಎಲ್ಲದರದೂ ಸೇರಿ. ಒಂದು ಸಂವೇದಕವನ್ನು ನೆಲದ ಮೇಲೆ ಅರ್ಧ ಗಂಟೆ ಇಟ್ಟರೆ ಆ ಜಾಗ ಯಾವ ಲಯದಲ್ಲಿ ತೂಗುತ್ತದೆ ಎಂದು ತಿಳಿಯಬಹುದು. ಬೀದಿ ಬೀದಿಗೂ ಹೀಗೆ ಅಳೆದು, ಕೊರೆದು ತೆಗೆದ ಮಣ್ಣಿನ ಮಾದರಿ ಜೊತೆ ಸೇರಿಸಿ ವಿಜ್ಞಾನಿಗಳು ನಗರದ ಸೂಕ್ಷ್ಮ ನಕ್ಷೆ ಮಾಡುತ್ತಾರೆ. ಕೆರೆ ಮುಚ್ಚಿದ ಜಾಗ, ಹೊಳೆದಂಡೆ, ಮರಳು ನೀರಾಗಿ ಹರಿಯಬಹುದಾದ ಜಾಗ ಎಲ್ಲ ಅದರಲ್ಲಿ ಕಾಣುತ್ತದೆ. ಇಂಥ ನಕ್ಷೆ ನಿಮ್ಮಲ್ಲಿ ಇದ್ದರೆ ದಯವಿಟ್ಟು ಬೀರುವಿನಿಂದ ಹೊರಗೆ ತೆಗೆಯಿರಿ. ಜಮೀನಿನ ಬೆಲೆ ಬೀಳುತ್ತದೆ ಎನ್ನುವ ಭಯಕ್ಕೆ ಅದನ್ನು ಮುಚ್ಚಿಟ್ಟರೆ, ಸೈಟು ಕೊಳ್ಳುವ ಮನುಷ್ಯನಿಗೆ ನೀವು ಮೋಸ ಮಾಡಿದ ಹಾಗೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಅದು ಕಟ್ಟಡ.

2010ರ ಜನವರಿ 12ಕ್ಕೆ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ. ಫೆಬ್ರುವರಿ 27ಕ್ಕೆ ಚಿಲಿಯಲ್ಲಿ 8.8. ಎರಡನೆಯದರ ಶಕ್ತಿ ಮೊದಲನೆಯದಕ್ಕಿಂತ ಸುಮಾರು 500 ಪಟ್ಟು. ಹೈಟಿಯಲ್ಲಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಚಿಲಿಯಲ್ಲಿ ಸುಮಾರು 525. ಹೈಟಿಯದು ರಾಜಧಾನಿಗೆ ತೀರಾ ಹತ್ತಿರ ಆಗಿತ್ತು, ಅದೂ ಕಾರಣ ಹೌದು. ಆದರೂ ಇಷ್ಟು ದೊಡ್ಡ ಅಂತರ ಬರೀ ದೂರದಿಂದ ಬರುವುದಿಲ್ಲ. ಚಿಲಿ 1960ರಲ್ಲಿ 9.5 ತೀವ್ರತೆಯ ಭೂಕಂಪ ಕಂಡ ದೇಶ. ಆಮೇಲೆ ಕಟ್ಟಡ ನಿಯಮವನ್ನು ಮತ್ತೆ ಮತ್ತೆ ತಿದ್ದಿದರು, ಅದಕ್ಕಿಂತ ಹೆಚ್ಚಾಗಿ ಅದನ್ನು ಪಾಲಿಸಿದರು. ಕಟ್ಟಡದ ಮುಖ್ಯ ಚೌಕಟ್ಟಿನಲ್ಲಿ ದೋಷ ಕಂಡರೆ ಹತ್ತು ವರ್ಷದವರೆಗೆ ಕಟ್ಟಿಸಿ ಮಾರಿದವರೇ ಹೊಣೆ ಎನ್ನುವ ಕಾನೂನು ಅಲ್ಲಿದೆ. ಹೈಟಿಯಲ್ಲಿ ಪಾಲಿಸಬೇಕಾದ ನಿಯಮವೇ ಇರಲಿಲ್ಲ ಅನ್ನಬಹುದು.

ನಿಯಮ ಪಾಲಿಸುವುದು ಅಂದರೆ ಏನು? ಒಂದು ಪಿಲ್ಲರ್ ಒಳಗೆ ನೋಡೋಣ. ಉದ್ದಕ್ಕೆ ನಿಂತ ಕಬ್ಬಿಣದ ಸರಳುಗಳನ್ನು ಸುತ್ತಿ ಹಿಡಿಯುವ ಚೌಕಾಕಾರದ ತೆಳು ಕಂಬಿಗಳಿವೆ. ಕೆಲಸದವರು ಅವಕ್ಕೆ ರಿಂಗ್ ಅನ್ನುತ್ತಾರೆ. ರಿಂಗ್‌ನ ಎರಡು ತುದಿ ಸೇರುವ ಕಡೆ ಕೊಕ್ಕೆ ಮಾಡಿ ಬಗ್ಗಿಸುತ್ತಾರೆ. ಅದನ್ನು 90 ಡಿಗ್ರಿ ಬಗ್ಗಿಸಿದರೆ ಕೊಕ್ಕೆಯ ತುದಿ ಪಿಲ್ಲರ್‌ನ ಹೊರಮೈ ಹತ್ತಿರ, ಸಿಮೆಂಟಿನ ತೆಳು ಪದರದಲ್ಲಿ ಇರುತ್ತದೆ. 135 ಡಿಗ್ರಿ ಬಗ್ಗಿಸಿದರೆ ತುದಿ ಓರೆಯಾಗಿ ಒಳಕ್ಕೆ ಹೋಗಿ ಪಿಲ್ಲರ್‌ನ ಹೊಟ್ಟೆಯಲ್ಲಿ ಹುದುಗುತ್ತದೆ. ಮಾಮೂಲಿ ದಿನಗಳಲ್ಲಿ ಎರಡೂ ಒಂದೇ, ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಭೂಕಂಪದಲ್ಲಿ ಪಿಲ್ಲರ್ ಆ ಕಡೆ ಈ ಕಡೆ ಬಾಗಿದಾಗ ಮೊದಲು ಹೊರಗಿನ ಪದರ ಉದುರುತ್ತದೆ. ಅದರ ಜೊತೆಗೇ 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಹಿಡಿದುಕೊಳ್ಳುವವರಿಲ್ಲದೆ ಉದ್ದ ಸರಳುಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗಿ ಸುರಿಯುತ್ತದೆ, ಮೇಲಿನ ಮಹಡಿ ಕೆಳಗಿಳಿಯುತ್ತದೆ. 135 ಡಿಗ್ರಿಯದು ಹಿಡಿತ ಬಿಡುವುದಿಲ್ಲ. ಪಿಲ್ಲರ್ ಹಾಳಾಗಬಹುದು, ಆದರೆ ಒಳಗಿದ್ದವರು ಹೊರಗೆ ಬರುವಷ್ಟು ಹೊತ್ತು ನಿಲ್ಲುತ್ತದೆ.

ಇದಕ್ಕೆ ಬೇಕಾಗುವುದು ಪ್ರತಿ ರಿಂಗ್‌ಗೆ ಕೆಲವು ಸೆಂಟಿಮೀಟರ್ ಕಂಬಿ, ಕೆಲಸದವರ ಕೈಯ ಒಂದು ಹೆಚ್ಚಿನ ಬಗ್ಗಿಸುವಿಕೆ. ಅಷ್ಟೇ. ಆದರೆ ಒಮ್ಮೆ ಕಾಂಕ್ರೀಟ್ ಸುರಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಇದು: ಕಾಂಕ್ರೀಟ್ ಹಾಕುವ ಮುಂಚೆ ಒಬ್ಬ ಎಂಜಿನಿಯರ್ ಹೋಗಿ ಕಂಬಿ ನೋಡಬೇಕು. ಫೋಟೋ ತೆಗೆದು ಆ ಕಟ್ಟಡದ ಕಡತಕ್ಕೆ ಸೇರಿಸಬೇಕು. ಕಟ್ಟಿ ಮುಗಿದ ಮೇಲೆ ಬಂದು ಬಣ್ಣ ನೋಡಿ ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ. ಜೊತೆಗೆ, ಕಂಬಿ ಕಟ್ಟುವವರಿಗೆ ಮತ್ತು ಮೇಸ್ತ್ರಿಗಳಿಗೆ ಕೂಲಿ ಕೊಟ್ಟು ತರಬೇತಿ ಕೊಡಿ. ಊರಿನ ಸುರಕ್ಷತೆ ನಿಜವಾಗಿ ಅವರ ಕೈಯಲ್ಲಿದೆ. ನಿಯಮದ ಪುಸ್ತಕ ಅವರ ಭಾಷೆಯಲ್ಲಿ, ಚಿತ್ರಗಳ ಸಮೇತ, ಕೆಲಸದ ಜಾಗದಲ್ಲಿ ಸಿಗಬೇಕು.

ಇನ್ನೊಂದು ದೋಷ ಬೀದಿಯಲ್ಲಿ ನಿಂತೇ ಕಾಣುತ್ತದೆ. ಮೇಲೆ ಮನೆಗಳು, ಗೋಡೆಗಳು. ಕೆಳಗೆ ಪಾರ್ಕಿಂಗ್‌ಗೆ ಅಂತ ಗೋಡೆ ಇಲ್ಲದೆ ಬರೀ ಪಿಲ್ಲರ್. ಅಲುಗಾಟವೆಲ್ಲ ಆ ಒಂದು ಅಂತಸ್ತಿನ ಮೇಲೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದ್‌ನಲ್ಲಿ ಇಂಥ ಹಲವು ಅಪಾರ್ಟ್‌ಮೆಂಟುಗಳು ಕುಸಿದವು. ಇಂಥ ಕಟ್ಟಡಗಳನ್ನು ಗುರುತಿಸಲು ದೊಡ್ಡ ಯಂತ್ರ ಬೇಡ. ತರಬೇತಿ ಪಡೆದವರು ಒಂದು ನಮೂನೆ ಹಿಡಿದು ಬೀದಿ ಸುತ್ತಿ, ಕಟ್ಟಿದ ವರ್ಷ, ಮಹಡಿ, ಆಕಾರ, ಕೆಳ ಅಂತಸ್ತು ನೋಡಿ ಅಂಕ ಹಾಕುತ್ತಾರೆ. ಕಡಿಮೆ ಅಂಕ ಬಂದ ಕಟ್ಟಡಕ್ಕೆ ಮಾತ್ರ ಆಳವಾದ ಪರೀಕ್ಷೆ. ಆಮೇಲೆ ಪಿಲ್ಲರ್‌ಗೆ ಹೊದಿಕೆ ಹಾಕುವುದೋ, ಕೆಲವು ಕಡೆ ಗೋಡೆ ಕಟ್ಟುವುದೋ, ಉಕ್ಕಿನ ಅಡ್ಡ ಪಟ್ಟಿ ಕೂರಿಸುವುದೋ ತೀರ್ಮಾನ ಮಾಡುತ್ತಾರೆ.

ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಚನೆ ಬಂದಾಗ ಟರ್ಕಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಭೂಕಂಪ ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. 2018ರಲ್ಲಿ ಲಕ್ಷಗಟ್ಟಲೆ ಕಟ್ಟಡಗಳಿಗೆ ಶುಲ್ಕ ಪಡೆದು ಕ್ಷಮಾದಾನ ಕೊಟ್ಟರು. 2023ರ ಫೆಬ್ರುವರಿ 6ರಂದು ಬಂದ 7.8 ಮತ್ತು 7.5 ತೀವ್ರತೆಯ ಎರಡು ಭೂಕಂಪಗಳಲ್ಲಿ ಆ ದೇಶದಲ್ಲೇ 53,000ಕ್ಕೂ ಹೆಚ್ಚು ಜನ ಸತ್ತರು. ಸಾವಿಗೆ ಹಲವು ಕಾರಣಗಳಿದ್ದವು. ಆದರೆ ಶುಲ್ಕ ಕಟ್ಟಿದ ರಸೀದಿಯಿಂದ ಯಾವ ಪಿಲ್ಲರೂ ಗಟ್ಟಿಯಾಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಲು ದುಡ್ಡಿಲ್ಲ ಎನ್ನುತ್ತೀರಿ. ನಿಜ, ಎಲ್ಲಿಯೂ ಇಲ್ಲ. ಅದಕ್ಕೇ ಶಾಲೆಗಳಿಂದ ಶುರುಮಾಡಿ ಎಂದು ಕೇಳುತ್ತಿದ್ದೇನೆ. 2008ರ ಮೇ 12ರ ವೆಂಚುವಾನ್ ಭೂಕಂಪ ಶಾಲೆಯ ಹೊತ್ತಿನಲ್ಲಿ ಬಂತು. ಚೀನಾ ಸರ್ಕಾರದ ಲೆಕ್ಕದಲ್ಲೇ 5,335 ವಿದ್ಯಾರ್ಥಿಗಳು ಸತ್ತರು ಅಥವಾ ಕಾಣೆಯಾದರು. 2015ರ ಏಪ್ರಿಲ್ 25ರ ನೇಪಾಳದ 7.8 ತೀವ್ರತೆಯ ಭೂಕಂಪ ಶನಿವಾರ ಬಂತು. ಅಲ್ಲಿ ಶನಿವಾರ ಶಾಲೆಗೆ ರಜೆ. ಸಾವಿರಾರು ತರಗತಿ ಕೋಣೆಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ವಾರದ ಯಾವ ದಿನ ಎನ್ನುವುದರ ಮೇಲೆ ಮಕ್ಕಳ ಜೀವ ನಿಲ್ಲಬಾರದು.

ನೇಪಾಳದಲ್ಲೇ ಇದಕ್ಕೆ ಉತ್ತರವೂ ಇತ್ತು. 1993ರಲ್ಲಿ ಶುರುವಾದ ಎನ್‌ಸೆಟ್ ಎಂಬ ಸಂಸ್ಥೆ 1990ರ ದಶಕದ ಕೊನೆಯಿಂದ ಹಳೆಯ ಶಾಲೆಗಳನ್ನು ಬಲಪಡಿಸುತ್ತಾ ಬಂದಿತ್ತು. ಹೊರಗಿನಿಂದ ಗುತ್ತಿಗೆದಾರರನ್ನು ತಂದು ಮಾಡಿ ಹೋಗಲಿಲ್ಲ. ಊರಿನ ಗಾರೆಯವರಿಗೇ ಕಲಿಸಿದರು, ಪೋಷಕರನ್ನೂ ಸೇರಿಸಿಕೊಂಡರು. ಗೋಡೆಗಳನ್ನು ಸುತ್ತಲೂ ಪಟ್ಟಿಯಂತೆ ಬಿಗಿಯುವುದು, ಮೂಲೆಗಳನ್ನು ಹೊಲಿಯುವುದು, ಇಂಥ ಕೆಲಸ. ಅದನ್ನು ಕಲಿತವರು ಮುಂದೆ ತಮ್ಮೂರಿನ ಮನೆಗಳನ್ನೂ ಹಾಗೇ ಕಟ್ಟಿದರು. 2015ರಲ್ಲಿ ಹೀಗೆ ಬಲಪಡಿಸಿದ ಶಾಲೆಗಳು ನಿಂತವು, ಕೆಲವು ಕಡೆ ಮನೆ ಕಳೆದುಕೊಂಡವರಿಗೆ ಆಸರೆಯೂ ಆದವು. ವಿಜ್ಞಾನ ಊರಿಗೆ ಬರುವುದು ಅಂದರೆ ನನ್ನ ಲೆಕ್ಕದಲ್ಲಿ ಇದು.

ಎಚ್ಚರಿಕೆ ಗಂಟೆಯ ಬಗ್ಗೆ ಸ್ವಲ್ಪ. ಈಗ ಎಲ್ಲರಿಗೂ ಆ್ಯಪ್ ಬೇಕು. ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಹಾನಿ ಮಾಡುವ ಎರಡನೇ ಅಲೆ ಸುಮಾರು 3.5. ಮೊದಲನೆಯದನ್ನು ಹಿಡಿದು ಎರಡನೆಯದು ಬರುವ ಮುಂಚೆ ಸುದ್ದಿ ಮುಟ್ಟಿಸುವುದೇ ಈ ವ್ಯವಸ್ಥೆ. ಜಪಾನ್ 2007ರಿಂದ ಜನರಿಗೆಲ್ಲ ಇದನ್ನು ಕೊಡುತ್ತಿದೆ. ನೂರು ಕಿಲೋಮೀಟರ್ ದೂರದಲ್ಲಿದ್ದರೆ ಹತ್ತು ಸೆಕೆಂಡಿನಷ್ಟು ಸಿಗಬಹುದು. ರೈಲು ನಿಧಾನ ಮಾಡಲು, ಲಿಫ್ಟ್ ನಿಲ್ಲಿಸಲು, ಮೇಜಿನಡಿ ಸೇರಲು ಅಷ್ಟು ಸಾಕು. ಕೇಂದ್ರದ ಹತ್ತಿರ ಇದ್ದವರಿಗೆ ಏನೂ ಸಿಗುವುದಿಲ್ಲ. 2017ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ಸಿಟಿಯಲ್ಲಿ 1985ರ ನೆನಪಿಗೆ ಬೆಳಿಗ್ಗೆ ಅಣಕು ಅಭ್ಯಾಸ ಮಾಡಿದ್ದರು. ಎರಡು ಗಂಟೆ ಚಿಲ್ಲರೆ ಕಳೆದ ಮೇಲೆ ನಿಜವಾದದ್ದೇ ಬಂತು. ಈ ಸಲ ಕೇಂದ್ರ ಹತ್ತಿರವಿತ್ತು, ಸೈರನ್ ಮತ್ತು ಅಲುಗಾಟ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಎಚ್ಚರಿಕೆ ವ್ಯವಸ್ಥೆಗೆ ಹಣ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಬೀಳುವ ಕಟ್ಟಡದ ಐದನೇ ಮಹಡಿಯಲ್ಲಿ ಇದ್ದವರಿಗೆ ಹತ್ತು ಸೆಕೆಂಡಿನ ಎಚ್ಚರಿಕೆಯಿಂದ ಏನೂ ಆಗುವುದಿಲ್ಲ.

ಜನರ ಜೊತೆ ಹೇಗೆ ಮಾತಾಡಬೇಕು ಎನ್ನುವುದಕ್ಕೆ ಇಟಲಿಯ ಲಾಕ್ವಿಲಾ ನೋಡಿ. 2009ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದವು. ಜನ ಹೆದರಿದ್ದರು. ಒಬ್ಬ ಅಧಿಕಾರಿ, ಸಣ್ಣವು ಬರುತ್ತಿರುವುದು ಒಳ್ಳೆಯದೇ, ಶಕ್ತಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತದೆ ಎಂಬ ಅರ್ಥದಲ್ಲಿ ಸಮಾಧಾನ ಹೇಳಿದರು. ಅದು ತಪ್ಪು. 6 ತೀವ್ರತೆಯ ಒಂದು ಭೂಕಂಪದ ಶಕ್ತಿ ಹೊರಹೋಗಲು 4ರ ಸಾವಿರ ಭೂಕಂಪಗಳಾದರೂ ಬೇಕು. ಏಪ್ರಿಲ್ 6ರ ರಾತ್ರಿ ಮೂರೂವರೆಗೆ 6.3 ತೀವ್ರತೆಯದು ಬಂದು 309 ಜನ ಸತ್ತರು. 2012ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಶಿಕ್ಷೆಯಾಯಿತು. 2014ರಲ್ಲಿ ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಬಿಡುಗಡೆ ಮಾಡಿತು. ಭೂಕಂಪವನ್ನು ಮೊದಲೇ ಹೇಳಲಿಲ್ಲ ಎಂದು ಅವರನ್ನು ಜೈಲಿಗೆ ಕಳಿಸಲು ಹೊರಟರು ಎಂದು ಹಲವರು ತಿಳಿದಿದ್ದಾರೆ. ಅಲ್ಲಿನ ಗಾಯ ಬೇರೆ: ನಿಜ ತಿಳಿಯುವ ಹಕ್ಕಿದ್ದ ಜನರಿಗೆ ಸಮಾಧಾನ ಮಾತ್ರ ಸಿಕ್ಕಿತು.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ, ಜನರನ್ನು ಮಕ್ಕಳ ಥರ ನೋಡಬೇಡಿ. ‘ದೊಡ್ಡದು ಬರುವ ಸಾಧ್ಯತೆ ಈ ವಾರ ಸ್ವಲ್ಪ ಜಾಸ್ತಿಯಾಗಿದೆ, ಆದರೂ ಕಡಿಮೆಯೇ. ಹಳೆಯ ಕಲ್ಲಿನ ಮನೆಯಲ್ಲಿರುವವರು ಬೇರೆ ಕಡೆ ಮಲಗುವುದು ಒಳ್ಳೆಯದು’ ಎಂದು ನೇರವಾಗಿ ಹೇಳಿದರೆ ಜನರಿಗೆ ಅರ್ಥವಾಗುತ್ತದೆ. ಸಮಾಧಾನದ ಮಾತು ಸುಳ್ಳು ಅಂತ ತಿಳಿದಾಗಲೇ ಜನರಿಗೆ ಗಾಬರಿ ಜಾಸ್ತಿ. ವಿಜ್ಞಾನಿಗಳನ್ನೂ ಭೂಕಂಪದ ಮಾರನೇ ದಿನ ಮಾತ್ರ ಕರೆಯಬೇಡಿ. ಏನೂ ಆಗದ ದಿನಗಳಲ್ಲಿ ಕರೆಯಿರಿ. ವರ್ಷಕ್ಕೊಮ್ಮೆಯಾದರೂ ಅವರು, ನಿಮ್ಮ ಎಂಜಿನಿಯರುಗಳು, ಶಿಕ್ಷಕರು, ಆಸ್ಪತ್ರೆಯವರು, ಬೀದಿಯ ಜನ ಒಂದೇ ಕೋಣೆಯಲ್ಲಿ ಕೂತು ‘ನಾಳೆ ನಡುಗಿದರೆ’ ಎಂದು ಹಂತ ಹಂತವಾಗಿ ನೋಡಲಿ. ಯಾವ ಸೇತುವೆ ಹೋಗುತ್ತದೆ? ಆಸ್ಪತ್ರೆಗೆ ನೀರು ಎಲ್ಲಿಂದ? ರಾತ್ರಿಯಾದರೆ ಏನು?

ಅಭ್ಯಾಸದ ಬಗ್ಗೆ ಒಂದು ಘಟನೆ ಹೇಳಲೇಬೇಕು. 2011ರ ಮಾರ್ಚ್ 11ರಂದು ಜಪಾನಿನ ಕಮೈಶಿ ನಗರದ ಉನೊಸುಮಾಯಿಯಲ್ಲಿ ಅಲುಗಾಟ ನಿಂತ ಕೂಡಲೇ ಮಾಧ್ಯಮಿಕ ಶಾಲೆಯ ಮಕ್ಕಳು ಯಾರ ಆದೇಶಕ್ಕೂ ಕಾಯದೆ ಎತ್ತರದ ಕಡೆ ಓಡಿದರು. ಅವರು ಓಡುವುದನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ಮೊದಲೇ ಗೊತ್ತುಮಾಡಿದ ಜಾಗ ತಲುಪಿದರು. ಅಲ್ಲಿ ಹಿಂದಿನ ಗುಡ್ಡ ಕುಸಿಯುತ್ತಿರುವುದು ಕಂಡಿತು. ಇಲ್ಲಿ ನಿಲ್ಲುವುದು ಬೇಡ ಎಂದು ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಇನ್ನೂ ಮೇಲಕ್ಕೆ ಹೋದರು. ಆ ಮೊದಲ ಜಾಗವನ್ನು ನೀರು ನುಂಗಿತು. ಅಪಾಯದ ನಕ್ಷೆಯಲ್ಲಿ ಅವರ ಶಾಲೆಗಳು ನೀರು ಬರದ ಭಾಗದಲ್ಲಿದ್ದವು. ಆದರೆ ತೋಶಿತಾಕ ಕತಾದ ಎಂಬ ಪ್ರಾಧ್ಯಾಪಕರು ವರ್ಷಗಳಿಂದ ಅಲ್ಲಿನ ಶಾಲೆಗಳ ಜೊತೆ ಕೆಲಸ ಮಾಡಿ, ನಕ್ಷೆಯನ್ನೇ ಪೂರ್ತಿ ನಂಬಬೇಡಿ, ಕಣ್ಣೆದುರಿನ ಸ್ಥಿತಿ ನೋಡಿ ಎಂದು ಕಲಿಸಿದ್ದರು. ಪಾಠದ ನಡುವೆ ಗಂಟೆ ಹೊಡೆದು, ಮೈದಾನದಲ್ಲಿ ಸಾಲು ನಿಲ್ಲಿಸಿ, ಫೋಟೋ ತೆಗೆದು ಮುಗಿಸುವ ಅಭ್ಯಾಸ ಬೇರೆ, ಇದು ಬೇರೆ. ನಿಮ್ಮ ಶಾಲೆಗಳಲ್ಲಿ ನಡೆಯುವುದು ಯಾವುದು ಅಂತ ಒಮ್ಮೆ ಹೋಗಿ ನೋಡಿ.

ಮನೆಯ ಒಳಗಿನದು ಜನ ತಾವೇ ಮಾಡಿಕೊಳ್ಳಬಲ್ಲರು: ಬೀರುವನ್ನು ಗೋಡೆಗೆ ಬಿಗಿಯುವುದು, ಮಂಚದ ತಲೆಯ ಮೇಲೆ ಭಾರದ ವಸ್ತು ಇಡದಿರುವುದು, ಗ್ಯಾಸ್ ಬಂದ್ ಮಾಡುವುದು ಎಲ್ಲಿ ಎಂದು ಮನೆಯವರಿಗೆಲ್ಲ ಗೊತ್ತಿರುವುದು. ಹೇಳಿಕೊಡುವವರು ಬೇಕು, ಅಷ್ಟೇ.

ಕೊನೆಗೆ ಒಂದು ನಿರ್ದಿಷ್ಟ ಬೇಡಿಕೆ. ಈ ಪತ್ರಕ್ಕೆ ಉತ್ತರವಾಗಿ ಭರವಸೆಯ ಮಾತು ಬೇಡ. ನಿಮ್ಮ ವ್ಯಾಪ್ತಿಯ ಎಲ್ಲ ಶಾಲಾ ಕಟ್ಟಡಗಳ ಒಂದು ಪಟ್ಟಿ ಪ್ರಕಟಿಸಿ. ಶಾಲೆಯ ಹೆಸರು, ಕಟ್ಟಿದ ವರ್ಷ, ಅಡಿಯಲ್ಲಿ ಎಂಥ ನೆಲ, ಭೂಕಂಪದ ದೃಷ್ಟಿಯಿಂದ ಪರೀಕ್ಷೆ ಆಗಿದೆಯೇ, ಯಾರು ಮಾಡಿದರು, ಏನು ಕಂಡಿತು, ರಿಪೇರಿ ಯಾವಾಗ. ಹಲವು ಕಾಲಂಗಳು ಈಗ ಖಾಲಿ ಇರುತ್ತವೆ. ಪರವಾಗಿಲ್ಲ, ಖಾಲಿ ಇದ್ದದ್ದನ್ನು ಖಾಲಿ ಅಂತಲೇ ಹಾಕಿ. ಪ್ರತಿ ಶಾಲೆಯ ಸಾಲನ್ನು ಆ ಶಾಲೆಯ ಬಾಗಿಲಿಗೂ ಅಂಟಿಸಿ, ಮಕ್ಕಳನ್ನು ಬಿಡಲು ಬರುವವರು ಓದಲಿ. ಆರು ತಿಂಗಳಿಗೊಮ್ಮೆ ತಿದ್ದಿ ಮತ್ತೆ ಅಂಟಿಸಿ.

ಇಂತಿ,
ಮಕ್ಕಳನ್ನು ಶಾಲೆಗೆ ಕಳಿಸುವ ಒಬ್ಬ ನಾಗರಿಕ